ತಾನೇ ತಿದ್ದುವ ಕ್ವಿಜ್

ಆಸ್ಪತ್ರೆಯ ನರ್ಸುಗಳಿಗೆ ತರಬೇತಿ ಕೊಟ್ಟು, ಉತ್ತರಪತ್ರಿಕೆ ತಿದ್ದುತ್ತಿದ್ದವಳು ಜಲಜಾಕ್ಷಿ. ಈಗ ಹೊಸದಾಗಿ ಸೇರಿದ ಫ್ಲೇವಿಯಾ ಕಂಪ್ಯೂಟರಿನಲ್ಲಿ ತಾನಾಗಿಯೇ ಅಂಕ ಕೊಡುವ ಕ್ವಿಜ್ ಮಾಡಿದ್ದಳು. ಎಲ್ಲರ ಬಾಯಲ್ಲೂ ಅವಳದೇ ಹೊಗಳಿಕೆ. ಜಲಜಾಕ್ಷಿಗೆ ಊಟ ಸೇರಲಿಲ್ಲ.

"ಅಕ್ಕಾ, ಉತ್ತರಗಳು ಸರಿ ಇವೆಯಾ ಒಮ್ಮೆ ನೋಡ್ತೀರಾ?" ಎಂದು ಫ್ಲೇವಿಯಾ ಕ್ವಿಜ್ ತೆರೆದಿಟ್ಟು ವಾರ್ಡಿಗೆ ಹೋದಳು.

ಜಲಜಾಕ್ಷಿ ಸರಿಯಿದ್ದ ಉತ್ತರಗಳನ್ನೆಲ್ಲ ತಪ್ಪು ಮಾಡಿಟ್ಟಳು.

ಮರುದಿನ ಕ್ವಿಜ್ ಬರೆದ ನರ್ಸುಗಳೆಲ್ಲ ಫೇಲು. ಮೇಟ್ರನ್ ಸಿಡಿದೆದ್ದರು.

"ಸುಟ್ಟ ಗಾಯಕ್ಕೆ ತಣ್ಣೀರು ಹಾಕೋದು ತಪ್ಪಂತೆ! ಯಾರ್ರೀ ಇದನ್ನ ಮಾಡಿದ್ದು?"

ಜಲಜಾಕ್ಷಿ ನಗು ತಡೆದುಕೊಂಡು ಫ್ಲೇವಿಯಾಳತ್ತ ನೋಡಿದಳು.

ಫ್ಲೇವಿಯಾ ಅಳುಮುಖದಲ್ಲಿ ಅವಳ ಕೈ ಹಿಡಿದಳು. "ನನಗೆ ಎಲ್ಲ ಕಲಿಸಿದ್ದು ನೀವೇ ಅಲ್ವಾ ಅಕ್ಕಾ... ನಿನ್ನೆ ನೀವು ನೋಡಿಕೊಟ್ಟ ಮೇಲೆ, ಮಾಡಿದವರು ಅಂತ ನಿಮ್ಮ ಹೆಸರನ್ನೇ ಹಾಕಿಬಿಟ್ಟಿದ್ದೆ."