ಎಡಗಿವಿಯ ರೇಡಿಯೊ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಈಗಲೂ ಮೂಗಿಗೆ ಬಡಿದರೆ ನನ್ನ ಎಡಗಿವಿ ಬೆಚ್ಚಗಾಗುತ್ತದೆ.

ಸವಣೂರಿನ ನಮ್ಮ ಪಡಸಾಲೆಯಲ್ಲಿ ಅಪ್ಪ ತಾನೇ ಬೆಸುಗೆ ಹಾಕಿ ಕಟ್ಟಿದ ಹ್ಯಾಮ್ ರೇಡಿಯೊ, ಅಂದರೆ ದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೊ, ಇಟ್ಟಿದ್ದ. ಒಂದೇ ದನಿಯನ್ನು ಎರಡು ರಿಸೀವರುಗಳಲ್ಲಿ ಕೇಳುತ್ತಿದ್ದ, ಕಿವಿಗೊಂದು. ಒಂದರಲ್ಲಿ ಮುಳುಗಿದ ಮಾತು ಇನ್ನೊಂದರಲ್ಲಿ ತೇಲುತ್ತಿತ್ತು. ವರದಾ ನದಿ ಉಕ್ಕಿದ ಆ ಮಧ್ಯಾಹ್ನ, ಹಾನಗಲ್ಲ ಕಡೆಯ ಹಳ್ಳಿಯೊಂದನ್ನು ನೀರು ಸುತ್ತುವರಿದಿತ್ತು. ರೇಡಿಯೊ ಹೊತ್ತು ಅಲ್ಲಿಗೆ ಹೋಗಿದ್ದ ಅಪ್ಪನ ಗೆಳೆಯನ ದನಿ ಬಂದುಬಂದು ಅಳಿಸಿಹೋಗುತ್ತಿತ್ತು.

“ನನ್ನ ಎಡಗಿವಿ ಮಂದ ಆಗೈತಿ. ಇದನ್ನ ನೀನ ಕೇಳವಾ,” ಎಂದು ಅಪ್ಪ ಎಡಗಡೆಯ ಹೆಡ್‌ಫೋನು ತೆಗೆದು ಎಂಟು ವರ್ಷದ ನನ್ನ ಕಿವಿಗೆ ಒತ್ತಿದ. ಅದರ ಮೆತ್ತೆ ಇನ್ನೂ ಅವನ ಬೆವರಿನಿಂದ ಬೆಚ್ಚಗಿತ್ತು.

ಅಪ್ಪನದು ಬರೀ ಗೊರಗೊರ ಅನ್ನುತ್ತಿದ್ದಾಗ ನನ್ನದರಲ್ಲಿ ಮಾತು ಎದ್ದಿತು.

“ಹಾಲಿನ ಪುಡಿ ಬೇಕಂತ! ಕೂಸುಗಳಿಗೆ!” ಎಂದು ಚೀರಿದೆ.

ಅಪ್ಪ ಎರಡನೇ ಸಲ ಕೇಳಲಿಲ್ಲ. ಮೈಕು ಎತ್ತಿ ಹಾವೇರಿಯ ಪರಿಹಾರ ಕೇಂದ್ರದವರಿಗೆ ಹೇಳಿದ: “ಹಾಲಿನ ಪುಡಿ ಕಳಸ್ರಿ. ನನ್ನ ಮಗಳು ಕೇಳ್ಯಾಳ.”

ಆಗ ಅಡುಗೆಮನೆಯಿಂದ ಅವ್ವ, ತನಗೆ ತಾನೇ ಅಂದುಕೊಂಡಂತೆ ಮೆಲ್ಲಗೆ, “ಚಾ ಆರಾಕತ್ತೈತಿ” ಎಂದಳು.

ಬಲಗಿವಿಗೆ ಹೆಡ್‌ಫೋನು ಇದ್ದ ಹಾಗೇ, ಎಡಗಿವಿ ಮಾತ್ರ ಬರಿದಾಗಿದ್ದ ಅಪ್ಪ ಅಂದ:

“ಬಂದ್ನಿ.”