ಬಾಯಿ ತೆರೆದ ಕೌದಿ

ನೆಟ್ಟಗೆ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚುತ್ತಿದ್ದೇನೆಂದು ಹೊಳೆವ್ವನಿಗೆ ತಿಳಿದದ್ದು, ಸೊಸೆ ಪೂನಮ್ ಬಂದು ಅವಳ ಕೈ ಹಿಡಿದಾಗ.

“ಛಲೋ ಇತ್ತಲ್ರಿ ಅತ್ತಿ, ಯಾಕ ಬಿಚ್ಚಾಕತ್ತೀರಿ?”

“ಸೊಟ್ಟ ಆಗಿತ್ತವ್ವಾ.”

“ಹೊಲಿಗಿ ಅಲ್ರಿ, ನಿಮ್ಮ ನೆವ ಸೊಟ್ಟ ಐತಿ. ಎದಿಯಾಗಿನ ಗಂಟು ತೋರಿಸಾಕ ಮುಧೋಳದ ದವಾಖಾನಿಗೆ ಹೋಗೂಣು ಅಂದ್ರ ಕೌದಿ ಮುಗೀಲಿ ಅಂತೀರಿ. ಮುಗಿಯಾಕ ಬಂತಂದ್ರ ಬಿಚ್ಚತೀರಿ.”

ಕೌದಿಯ ಕೊನೆಯ ಮೂಲೆಯಲ್ಲಿ ಹೋಳಿಗೆಯ ಚೂರಿಟ್ಟು ಅದರ ಬಾಯಿ ಮುಚ್ಚಿ ಹೊಲಿಯುವುದು ಅವರ ಮನೆಯ ಪದ್ಧತಿ. ಬಾಯಿ ತೆರೆದ ಕೌದಿ ಬಿಟ್ಟು ಊರು ದಾಟಬಾರದು. ಆ ಮಾತಿನ ಮರೆಯಲ್ಲಿ ಹೊಳೆವ್ವ ಇಷ್ಟು ದಿನ ಸುಖವಾಗಿ ಕೂತಿದ್ದಳು. ತೊಡೆಯ ಮೇಲೆ ಹರಡಿದ ಹಳೆಯ ಸೀರೆಗಳ ತುಂಡುಗಳೊಳಗೆ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಅವ್ವನ ಹಸಿರು, ತನ್ನ ಮದುವೆಯ ಕೆಂಪು, ಎಲ್ಲ ನೀರೊಳಗಿನ ಬಣ್ಣಗಳಂತೆ ತೇಲುತ್ತಿದ್ದವು. ಸೂಜಿ ಅವುಗಳಲ್ಲಿ ಮುಳುಗಿ ಏಳುವಷ್ಟು ಹೊತ್ತು ಯಾವ ಡಾಕ್ಟರೂ ಏನೂ ಹೇಳಿರುತ್ತಿರಲಿಲ್ಲ, ಏನೂ ಆಗಿರುತ್ತಿರಲಿಲ್ಲ. ತಾನು ಹೊಲಿಯುತ್ತಿದ್ದದ್ದು ಈ ಹೊತ್ತನ್ನೇ ಹೊರತು ಕೌದಿಯನ್ನಲ್ಲ ಎಂದು ಅವಳಿಗೆ ಈಗ ಅರಿವಾಯಿತು.

“ನನಗ ಅಂಜಿಕಿ ಬರತೈತಿ, ಪೂನಮ್,” ಎಂದಳು. ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ, ತನ್ನ ಮುಂದೆಯೂ.

“ನನಗೂ ಬರತೈತ್ರಿ.”

ಸೊಸೆ ಹಿಡಿದ ಕೈ ಬಿಟ್ಟಿರಲಿಲ್ಲ. ಹೊಳೆವ್ವ ಇನ್ನೊಂದು ಕೈಯಿಂದ ಸೂಜಿಯನ್ನು ಬಟ್ಟೆಗೆ ಚುಚ್ಚಿದಳು. ಕೌದಿಯನ್ನು ಬಾಯಿ ತೆರೆದಂತೆಯೇ ಪಕ್ಕಕ್ಕೆ ಸರಿಸಿದಳು.

“ಇದನ್ನ ನಾಳಿ ಹೊಲಿಯೂಣು,” ಎಂದಳು. “ನನ್ನ ಚಪ್ಲಿ ಎಲ್ಲಿ ಅದಾವ, ನೋಡ.”