ತಿದ್ದಿದ ಬಟ್ಟಲು

ಕೈ ತೊಳೆದು ಬಂದ ಟೆಲಿಫೋನ್ ಆಪರೇಟರ್ ತಾನು ಮಾಡಿದ ಹಸಿಮಣ್ಣಿನ ಬಟ್ಟಲನ್ನು ಮೆಲ್ಲಗೆ ಸವರಿದಳು. ಬೆರಳು ಅಂಚಿನ ಮೇಲೆ ಒಂದು ಸುತ್ತು ಬಂದು ನಿಂತಿತು. "ಇದು ನಂದಲ್ಲ" ಎಂದಳು.

"ನಿಂದೇ ಕಣೇ" ಎಂದಳು ನರ್ಸ್. ನಾಲಿಗೆ ತಡವರಿಸಿತು. ತನ್ನದೇ ಆಸ್ಪತ್ರೆಯಲ್ಲಿ ಟೆಲಿಫೋನ್ ನೋಡಿಕೊಳ್ಳುವ, ಕಣ್ಣು ಕಾಣದ ಈ ಗೆಳತಿಯನ್ನು ದುಂಬಾಲು ಬಿದ್ದು ಕುಂಬಾರಿಕೆ ಕ್ಲಾಸಿಗೆ ಎಳೆದು ತಂದವಳೇ ಅವಳು. ಗೆಳತಿ ನಲ್ಲಿಯ ಹತ್ತಿರ ಇದ್ದಾಗ ಮೇಷ್ಟ್ರು ಬಟ್ಟಲಿನತ್ತ ಬೆರಳು ತೋರಿಸಿ, ತಿದ್ದಲೇ ಎಂಬಂತೆ ಹುಬ್ಬೇರಿಸಿದ್ದರು. ಇವಳೂ ಕಣ್ಸನ್ನೆಯಲ್ಲೇ ಆಗಲಿ ಎಂದಿದ್ದಳು.

"ನನ್ನ ಬಟ್ಟಲ ಬಾಯಿ ಸೊಟ್ಟಗಿತ್ತು. ನೆಟ್ಟಗೆ ಮಾಡಿದೋರು ಯಾರು?"

ಮೇಷ್ಟ್ರು ಕೆಮ್ಮಿದರು. "ನಾನೇ ಒಂಚೂರು ತಿದ್ದಿದೆ ತಾಯಿ. ನಿಮ್ಮಂಥೋರು ಇಷ್ಟು ಮಾಡಿದ್ದೇ ದೊಡ್ಡದು."

"ಇವಳದ್ದೂ ತಿದ್ದಿದ್ರಾ?"

ನರ್ಸ್ ತನ್ನ ಬಟ್ಟಲಿನ ಕಡೆ ನೋಡಿದಳು. ಅದು ಕುಡಿದವನ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು.

"ಇಲ್ಲ. ಅವರು ನಿಧಾನಕ್ಕೆ ಕಲೀತಾರೆ ಬಿಡಿ."

"ಅಂದ್ರೆ ಇವಳು ಕಲೀತಾಳೆ, ನಾನು ಕಲಿಯಲ್ಲ. ಅಷ್ಟೇ ತಾನೆ?"

ಅಕ್ಕಪಕ್ಕದವರ ತಿಗರಿ ಚಕ್ರಗಳು ಒಂದೊಂದಾಗಿ ನಿಂತವು. ಆಪರೇಟರ್ ಎರಡೂ ಅಂಗೈಗಳಲ್ಲಿ ಆ ಚೆಂದದ ಬಟ್ಟಲನ್ನು ಹಿಚುಕಿ ಮುದ್ದೆ ಮಾಡಿದಳು. ತಡವಿ ತಡವಿ ತನ್ನ ತಿಗರಿಯ ನಡು ಹುಡುಕಿ, ಮುದ್ದೆಯನ್ನು ಧಪ್ಪನೆ ಬಡಿದಳು. ನರ್ಸ್ ಅವಳ ಮಣಿಕಟ್ಟು ಹಿಡಿಯಲು ಹೋದಳು.

"ಕೈ ತೆಗಿ. ಬಾಯಲ್ಲಿ ನಿಜ ಹೇಳು, ಸಾಕು."

ತಿಗರಿ ತಿರುಗಿತು. ಮಣ್ಣು ಮೇಲೆದ್ದಿತು, ನಡುಗಿತು, ಕುಸಿಯಿತು.

"ಹೇಗಿದೆ?"

ನರ್ಸ್ ಬಗ್ಗಿ ನೋಡಿದಳು. "ಯಾರೋ ಮೇಲೆ ಕೂತು ಎದ್ದುಹೋದ ಹಾಗಿದೆ."

ಆಪರೇಟರ್ ಗಹಗಹಿಸಿ ನಕ್ಕಳು. ಮಣ್ಣನ್ನು ಮತ್ತೆ ಒಟ್ಟುಮಾಡಿದಳು. ಮತ್ತೆ ಬಿತ್ತು. ಮತ್ತೆ ಕೂರಿಸಿ, ಪಕ್ಕದ ಚೊಂಬು ಎತ್ತಿ ನೀರನ್ನೆಲ್ಲ ಸುರಿದಳು. ಕೆಸರು ಸಿಡಿದು ಮೇಷ್ಟ್ರ ಅಂಗಿಗೆ ಹಾರಿತು.

"ರೀ! ಅಷ್ಟು ನೀರು ಸುರೀತಾರೇನ್ರೀ? ಹೆಬ್ಬೆರಳು ಒಳಗಿರ್ಲಿ ಅಂತ ಎಷ್ಟು ಸಲ ಬಡ್ಕೋಬೇಕು? ಗಮನ ಎಲ್ಲಿದೆ?"

ಉಳಿದವರನ್ನೆಲ್ಲ ಗದರುವ ಹಾಗೆಯೇ ಗದರಿಬಿಟ್ಟ ಮೇಷ್ಟ್ರು, ಮರುಗಳಿಗೆ ನಾಲಿಗೆ ಕಚ್ಚಿಕೊಂಡರು.

ಆಪರೇಟರ್ ಕೆಸರು ಮೆತ್ತಿದ ಮುಖವನ್ನು ಆ ದನಿಯತ್ತ ಎತ್ತಿದಳು. ಹೆಬ್ಬೆರಳನ್ನು ಒಳಗೆ ಒತ್ತಿದಳು.

"ಹಾಂ, ಈಗ ಶುರುವಾಯ್ತು ನೋಡಿ ಪಾಠ."